ಕಿರುಬೆರಳನ್ನು ಸವರಿದ ಚೆಂಡು

2019ರ ಏಪ್ರಿಲ್ 6ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ ನೋಡಲು 72 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆಬರ್ನ್ 62, ವರ್ಜೀನಿಯಾ 60. ಆಟ ಮುಗಿಯಲು ಒಂದು ಸೆಕೆಂಡೂ ಉಳಿದಿರಲಿಲ್ಲ. ಮೂಲೆಯಿಂದ ವರ್ಜೀನಿಯಾದ ಕೈಲ್ ಗೈ ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಆಬರ್ನ್ ಕಡೆಯವರು ಗೆದ್ದೆವೆಂದು ಕುಣಿಯತೊಡಗಿದರು. ಆದರೆ ರೆಫರಿ ಸೀಟಿ ಊದಿಯಾಗಿತ್ತು. ಎಸೆಯುವಾಗ ಎದುರಾಳಿ ಮೈ ತಾಗಿಸಿದ್ದಾನೆ, ಫೌಲ್! ಗಡಿಯಾರದಲ್ಲಿ 0.6 ಸೆಕೆಂಡು ಇದ್ದಾಗ ಗೈ ಮೂರೂ ಫ್ರೀ ಥ್ರೋಗಳನ್ನು ಬುಟ್ಟಿಗೆ ಹಾಕಿದ. ವರ್ಜೀನಿಯಾ ಗೆದ್ದಿತು, 63-62.

ಆಬರ್ನ್ ಅಭಿಮಾನಿಗಳ ಹೊಟ್ಟೆ ಉರಿದದ್ದು ಈ ಫೌಲಿಗೆ ಮಾತ್ರವಲ್ಲ. ಅದಕ್ಕೂ ಕೆಲವೇ ಸೆಕೆಂಡು ಮುಂಚೆ ವರ್ಜೀನಿಯಾದ ಟೈ ಜೆರೋಮ್ ಬೆನ್ನ ಹಿಂದೆ ಪುಟಿಸಲು ಹೋದ ಚೆಂಡು ಅವನ ಕಾಲಿಗೇ ತಗುಲಿತ್ತು. ಅದನ್ನು ಎರಡೂ ಕೈಯಿಂದ ಹಿಡಿದ, ಮತ್ತೆ ಪುಟಿಸಿದ. ಇದಕ್ಕೆ ಡಬಲ್ ಡ್ರಿಬಲ್ ಎನ್ನುತ್ತಾರೆ. ಚೆಂಡು ಎದುರಾಳಿಗೆ ಹೋಗಬೇಕು. ಅಂಗಳದಲ್ಲಿದ್ದ ಮೂವರು ರೆಫರಿಗಳಲ್ಲಿ ಒಬ್ಬರೂ ಸೀಟಿ ಊದಲಿಲ್ಲ. ಟಿವಿ ಮುಂದೆ ಕೂತವರಿಗೆ ಕಂಡದ್ದು ಅವರಿಗೇಕೆ ಕಾಣಲಿಲ್ಲ?

ಕೈ ಚಾಚಿ ನಿಮ್ಮ ಹೆಬ್ಬೆರಳಿನ ಉಗುರನ್ನು ನೋಡಿ. ಒಂದು ಗಳಿಗೆಯಲ್ಲಿ ಕಣ್ಣು ನಿಚ್ಚಳವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಅತ್ತಿತ್ತ ಜಿಗಿಯುತ್ತದೆ, ಜಿಗಿಯುವಾಗ ಮಿದುಳು ನೋಟವನ್ನು ಮಂಕಾಗಿಸುತ್ತದೆ. ಆಟಗಾರರಿಬ್ಬರ ಮೈ ತಾಗುತ್ತದೆಯೇ ಎಂದು ಎದೆ, ತೋಳುಗಳ ಮೇಲೆ ಕಣ್ಣಿಟ್ಟ ರೆಫರಿಗೆ ಹಿಮ್ಮಡಿಯ ಬಳಿ ನಡೆದದ್ದು ತಪ್ಪಿಹೋಗಬಹುದು. ಇದರಲ್ಲಿ ಮೋಸವಿಲ್ಲ, ಸೋಮಾರಿತನವೂ ಇಲ್ಲ.

ಹಾಗೆಂದು ಅಭಿಮಾನಿ ಕಂಡದ್ದೇ ಸತ್ಯವೆಂದೂ ಅಲ್ಲ. 1951ರಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಮನೋವಿಜ್ಞಾನಿಗಳಾದ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಅದೇ ಪಂದ್ಯದ ಒಂದೇ ಫಿಲ್ಮನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡ ಮಾಡಿದ ತಪ್ಪುಗಳು ಅದರ ವಿದ್ಯಾರ್ಥಿಗಳಿಗೆ ಸರಾಸರಿ 4.3 ಕಂಡವು, ಪ್ರಿನ್ಸ್‌ಟನ್‌ನವರಿಗೆ 9.8. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಲವು ಕಣ್ಣಿನೊಳಗೇ ಕೂತು ಲೆಕ್ಕ ಹಾಕಿತ್ತು.

ರೆಫರಿಯ ಕಿವಿಯೂ ಅವನದೇ ಮಾತು ಕೇಳುವುದಿಲ್ಲ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ 40 ಮಂದಿ ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ 47 ಘರ್ಷಣೆಗಳ ವಿಡಿಯೊ ತೋರಿಸಿದರು. ಕೆಲವರಿಗೆ ಜನರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರು ತಂಡದ ಮೇಲೆ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು! ಕಾಲೇಜು ಬ್ಯಾಸ್ಕೆಟ್‌ಬಾಲ್‌ನ 2004-05ರ ಋತುವಿನ 365 ಪಂದ್ಯಗಳನ್ನು ಜಾಲಾಡಿದಾಗ ಇನ್ನೊಂದು ವಾಲಿಕೆ ಕಂಡಿತು. ಒಂದು ತಂಡದ ಫೌಲ್‌ಗಳು ಹೆಚ್ಚಾದಷ್ಟೂ ಮುಂದಿನದು ಎದುರಾಳಿಯ ತಲೆಗೆ ಬೀಳುವ ಸಂಭವ ಏರುತ್ತಿತ್ತು. ತಕ್ಕಡಿ ಸರಿದೂಗಿಸುವ ಆಸೆ ಗೊತ್ತಿಲ್ಲದೆಯೇ ಕೈಗೆ ಇಳಿಯುತ್ತದೆ. ಹಾಗಾಗಿ ‘ರೆಫರಿ ಒಂದು ಕಡೆ ವಾಲಿದ್ದಾನೆ’ ಎಂಬ ಅಭಿಮಾನಿಯ ಗೊಣಗಾಟದಲ್ಲಿ ಹುರುಳಿದೆ. ಬೇಕೆಂದೇ ವಾಲಿದ್ದಾನೆ ಎಂಬಲ್ಲಿ ಲೆಕ್ಕ ತಪ್ಪುತ್ತದೆ.

ಆ ತಪ್ಪು ಲೆಕ್ಕದ ಬೆಲೆಯನ್ನು ಯಾರೋ ತೆರಬೇಕಾಗುತ್ತದೆ. 2017ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲೇ ಕೆಂಟಕಿ ತಂಡ ನಾರ್ತ್ ಕ್ಯಾರೊಲಿನಾಗೆ 75-73ರಿಂದ ಸೋತಿತು. ಆ ಪಂದ್ಯದ ರೆಫರಿಯೊಬ್ಬರು ಹೊಟ್ಟೆಪಾಡಿಗೆ ಮನೆ ಛಾವಣಿ ಕೆಲಸದ ವ್ಯಾಪಾರ ಇಟ್ಟುಕೊಂಡಿದ್ದರು. ಸೋಲಿಗೆ ಅವರೇ ಕಾರಣವೆಂದು ಸಿಟ್ಟಾದ ಅಭಿಮಾನಿಗಳಿಂದ ಅವರಿಗೆ ಸಾವಿರಾರು ಫೋನ್ ಕರೆಗಳು ಬಂದವು, ಜೀವಬೆದರಿಕೆಗಳೂ ಬಂದವು. ಛಾವಣಿ ಹಾಕಿಸಿಯೇ ಇರದ ಜನ ಕೆಲಸ ಕೆಟ್ಟದಾಗಿದೆ ಎಂದು ಇಂಟರ್‌ನೆಟ್‌ನಲ್ಲಿ ಬರೆದರು. ಇದನ್ನು ಅಭಿಮಾನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಮತ್ತೆ ಮಿನಿಯಾಪೊಲಿಸ್‌ಗೆ ಹೋಗೋಣ. ಎರಡು ದಿನದ ನಂತರ ಅದೇ ಅಂಗಳದಲ್ಲಿ ಫೈನಲ್. ವರ್ಜೀನಿಯಾಗೆ ಟೆಕ್ಸಸ್ ಟೆಕ್ ಎದುರಾಳಿ. ಹೆಚ್ಚುವರಿ ಅವಧಿಯ ಕೊನೆಯ ಹಂತ. ಟೆಕ್ಸಸ್ ಟೆಕ್‌ನ ಡಾವಿಡೆ ಮೊರೆಟ್ಟಿಯ ಕೈಯಿಂದ ವರ್ಜೀನಿಯಾದ ಡಿಆಂಡ್ರೆ ಹಂಟರ್ ಚೆಂಡನ್ನು ಬಡಿದು ಹಾರಿಸಿದ, ಚೆಂಡು ಗೆರೆ ದಾಟಿತು. ಕೊನೆಗೆ ಮುಟ್ಟಿದವನು ಹಂಟರ್ ಎಂದು ರೆಫರಿ ಚೆಂಡನ್ನು ಟೆಕ್ಸಸ್ ಟೆಕ್‌ಗೆ ಕೊಟ್ಟರು. ಬರಿಗಣ್ಣಿಗೆ ಎಲ್ಲರಿಗೂ ಹಾಗೇ ಕಂಡಿತ್ತು.

ಇಂಥ ಹೊತ್ತಿನಲ್ಲಿ ಇಬ್ಬರೂ ಆಟಗಾರರು ‘ಅವನದೇ’ ಎಂದು ಕೈ ತೋರಿಸುವುದು ನಟನೆಯಲ್ಲದಿರಬಹುದು. ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಟೈ ಟ್ಯಾಂಗ್ ಮತ್ತು ಮೈಕಲ್ ಮೆಕ್‌ಬೀತ್ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಪರಸ್ಪರ ಕೈ ತಟ್ಟಲು ಹೇಳಿ, ಯಾರು ಮೊದಲು ಮುಟ್ಟಿದಿರಿ ಎಂದು ಕೇಳಿದರು. 2019ರಲ್ಲೇ ಪ್ರಕಟವಾದ ಅವರ ಅಳತೆಯ ಪ್ರಕಾರ, ನಮ್ಮ ಸ್ಪರ್ಶ ಇನ್ನೊಬ್ಬರದಕ್ಕಿಂತ ಸುಮಾರು 50 ಮಿಲಿಸೆಕೆಂಡು ಮುಂಚೆ ಆದಂತೆ ನಮಗೆ ಅನ್ನಿಸುತ್ತದೆ. ಹಾಗಾದರೆ ಕೊನೆಗೆ ಮುಟ್ಟಿದವನು ಯಾವಾಗಲೂ ಎದುರಾಳಿಯೇ!

ರೆಫರಿಗಳು ಪರದೆಯ ಮುಂದೆ ಹೋಗಿ ಚಿತ್ರವನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ಹಂಟರ್‌ನ ಬೆರಳು ಬಿಟ್ಟ ಚೆಂಡು ಹೊರಗೆ ಹೋಗುವ ಮುನ್ನ ಮೊರೆಟ್ಟಿಯ ಕಿರುಬೆರಳ ತುದಿಯನ್ನು ಸವರಿತ್ತು. ತೀರ್ಪು ಬದಲಾಗಿ ಚೆಂಡು ವರ್ಜೀನಿಯಾದ ಪಾಲಾಯಿತು. ಪಂದ್ಯ ಮುಗಿದಾಗ ವರ್ಜೀನಿಯಾ 85, ಟೆಕ್ಸಸ್ ಟೆಕ್ 77.