ಕಿಡಿಯನ್ನು ಕದಿಯುವ ಸ್ವಿಚ್ಚು

ಹಳೆಯ ಕಾರಿನ ಕೀಲಿಕೈಯನ್ನು ತಿರುಗಿಸುತ್ತೇವೆ. ದೀಪಗಳು ಬೆಳಗುತ್ತವೆ, ಸ್ಟಾರ್ಟರ್ ಮೋಟಾರು ಎಂಜಿನ್ನನ್ನು ತಿರುಗಿಸುತ್ತದೆ. ಆದರೂ ಎಂಜಿನ್ ಹೊತ್ತಿಕೊಳ್ಳದು. ಬ್ಯಾಟರಿ ನಿರ್ದೋಷಿ. ಹಾಗಾದರೆ ಕಿಡಿ ಎಲ್ಲಿ ಅಡಗಿತು?

ಕಿಡಿ ಹುಟ್ಟಿಸುವ ಕಾಯಿಲಿಗೆ ವಿದ್ಯುತ್ತು ಬರುವುದು ಕೀಲಿಯ ಸ್ವಿಚ್ಚಿನ ಮೂಲಕ. ಅದರ ಸಂಪರ್ಕಗಳು ಸವೆದು ಕಿಲುಬು ಹಿಡಿದಂತೆ ರೋಧ ಹೆಚ್ಚುತ್ತದೆ. ಕಾಯಿಲಿನ ರೋಧ 3 ಓಮ್, ಸ್ವಿಚ್ಚಿನದು 1 ಓಮ್ ಎನ್ನೋಣ. 12 ವೋಲ್ಟಿನ ಬ್ಯಾಟರಿಯಿಂದ 4 ಆಂಪಿಯರಿಗೆ ಬದಲು 3 ಆಂಪಿಯರ್ ಮಾತ್ರ ಹರಿಯುತ್ತದೆ, ಕಿಡಿ ಬಲಗುಂದುತ್ತದೆ. 3 ವೋಲ್ಟ್ ಸ್ವಿಚ್ಚಿನಲ್ಲಿಯೇ ವ್ಯಯವಾಗಿ, 9 ವಾಟಿನ ಶಾಖವು ಅದನ್ನು ಮತ್ತಷ್ಟು ಕೆಡಿಸುತ್ತದೆ. ಸಂಪರ್ಕ ಪೂರ್ತಿ ಕಡಿದರೆ ಓಡುವ ಕಾರು ನಡುದಾರಿಯಲ್ಲಿಯೇ ನಿಂತೀತು.

ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವುಂಟು. ಪ್ರವಾಹ ಹರಿಯದಿರುವಾಗ ಇಂತಹ ಸ್ವಿಚ್ಚಿನಾಚೆಗೂ 12 ವೋಲ್ಟೇ ಕಾಣುತ್ತದೆ! ಆದುದರಿಂದ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕೂಡಿರುವಾಗ ಕೀಲಿ ತಿರುಗಿಸಿ, ಸ್ವಿಚ್ಚಿನ ಎರಡು ತುದಿಗಳ ನಡುವೆ ಕ್ಷಣಕಾಲ ವೋಲ್ಟ್‌ಮೀಟರನ್ನು ಹಿಡಿಯಬೇಕು. ಮುಳ್ಳು ಸೊನ್ನೆಯ ಬಳಿ ನಿಂತರೆ ಸ್ವಿಚ್ಚು ಸರಿ. ಒಂದೆರಡು ವೋಲ್ಟ್ ಏರಿದರೂ ದೋಷ ಅಲ್ಲಿಯೇ.

ದುರಸ್ತಿಗೆ ಮುನ್ನ ಬ್ಯಾಟರಿಯ ತಂತಿ ಕಳಚಿ, ಸ್ವಿಚ್ಚಿನ ತಂತಿಗಳಿಗೆ ಗುರುತು ಕಟ್ಟಬೇಕು. ಸಡಿಲವಾದ ತುದಿಯನ್ನು ಉಜ್ಜಿ ಬಿಗಿಯಬಹುದು. ಒಳಗೇ ಸವೆದಿದ್ದರೆ ಅಷ್ಟೇ ಪ್ರವಾಹ ತಾಳುವ ಹೊಸ ಸ್ವಿಚ್ಚೇ ಮದ್ದು. ಊಹೆಯಿಂದ ಒಳ್ಳೆಯ ಬ್ಯಾಟರಿಯನ್ನು ಬದಲಿಸುವುದಕ್ಕಿಂತ ಓಮನ ನಿಯಮವನ್ನು ನೆನೆಯುವುದು ಲೇಸು.