ಆಕಾಶದ ಕಂಬಳಿ ದಪ್ಪವಾದ ಕಥೆ: ಮಗುವಿಗೆ ಮನೆಮಾತಿನಲ್ಲೇ ಹೇಳಿ

ರಾತ್ರಿ ಊಟಕ್ಕೆ ಕೂತಾಗ ಮಗು ಕೇಳುತ್ತದೆ: "ಹಸಿರುಮನೆ ಪರಿಣಾಮ ಅಂದರೆ ಏನು? ಹಸಿರು ಅಂದರೆ ಒಳ್ಳೆಯದಲ್ಲವಾ? ಅದರಿಂದ ಭೂಮಿ ಯಾಕೆ ಬಿಸಿಯಾಗುತ್ತದೆ?" ಉತ್ತರ ಹೊಳೆಯದಿದ್ದರೆ "ನಾಳೆ ಟೀಚರನ್ನು ಕೇಳು" ಎಂದು ಜಾರಿಕೊಳ್ಳುವುದು ನಮ್ಮೆಲ್ಲರ ರೂಢಿ. ಆದರೆ ಈ ಪಾಠದ ಅರ್ಧಭಾಗ ನಿಮಗೆ ಆಗಲೇ ಗೊತ್ತು. ವಿಜ್ಞಾನ ಓದಿದವರೇ ಹೇಳಬೇಕೆಂದಿಲ್ಲ. ಅಂಗಳದಲ್ಲಿ ಮಲಗಿ ಎದ್ದವರಿಗೂ ಇದನ್ನು ಹೇಳಲು ಬರುತ್ತದೆ.

ಮೋಡದ ರಾತ್ರಿಯ ಸೆಕೆ

ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಕೊರೆಯುತ್ತದೆ. ಮೋಡ ಮುಚ್ಚಿದ ರಾತ್ರಿ ಅಷ್ಟು ಚಳಿಯಿರುವುದಿಲ್ಲ. ಕಾರಣ ಇಷ್ಟೇ: ಹಗಲೆಲ್ಲ ಬಿಸಿಲುಂಡ ನೆಲ ರಾತ್ರಿ ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ, ಮೋಡ ಅದನ್ನು ಸರಾಗವಾಗಿ ಹೋಗಲು ಬಿಡುವುದಿಲ್ಲ. ಕಣ್ಣಿಗೆ ಕಾಣದ ಕೆಲವು ಅನಿಲಗಳೂ ಇದೇ ಕೆಲಸ ಮಾಡುತ್ತವೆ. ನೀರಾವಿ, ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಅವುಗಳಲ್ಲಿ ಮುಖ್ಯವಾದವು. ಬಿಸಿಲನ್ನು ಒಳಗೆ ಬಿಡುತ್ತವೆ, ನೆಲದ ಶಾಖವನ್ನು ಹೀರಿ ಒಂದು ಪಾಲನ್ನು ಕೆಳಕ್ಕೇ ಮರಳಿಸುತ್ತವೆ.

ಚಳಿದೇಶಗಳಲ್ಲಿ ಗಿಡ ಬೆಳೆಸಲು ಗಾಜಿನ ಮನೆ ಕಟ್ಟುತ್ತಾರೆ. ಒಳಗೆ ಬೆಚ್ಚಗಿದ್ದು ಹಸಿರು ನಿಲ್ಲುತ್ತದೆ. 'ಹಸಿರುಮನೆ' ಎಂಬ ಹೆಸರು ಬಂದದ್ದು ಹೀಗೆ. ಆದರೆ ಮಗುವಿಗೆ ಹೇಳುವಾಗ ಕಂಬಳಿ ಅನ್ನಿ, ಬೇಗ ಅರ್ಥವಾಗುತ್ತದೆ. ಕಂಬಳಿ ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಮೈಯ ಶಾಖವನ್ನು ಹಿಡಿದಿಡುತ್ತದೆ. ಈ ಕಂಬಳಿಯೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಹಾಗಾಗಿ ಕಂಬಳಿ ಬೇಕು. ಅದು ದಪ್ಪವಾಗುತ್ತಿರುವುದೇ ತೊಂದರೆ.

ಹೂತಿದ್ದನ್ನು ಅಗೆದು ಸುಟ್ಟದ್ದು

ಜಾಣ ಮಗು ಇಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತದೆ: "ನಾವು ಉಸಿರು ಬಿಡುವಾಗಲೂ ಅದೇ ಅನಿಲ ಬರುತ್ತದಲ್ಲ?" ಬರುತ್ತದೆ. ಆದರೆ ಆ ಇಂಗಾಲ ನಾವು ತಿಂದ ಜೋಳ, ಅಕ್ಕಿಯದು. ಆ ಬೆಳೆ ಮೊನ್ನೆ ಮೊನ್ನೆ ಗಾಳಿಯಿಂದಲೇ ಪಡೆದದ್ದು. ಸಂತೆಯಲ್ಲಿ ಕೈಯಿಂದ ಕೈಗೆ ತಿರುಗುವ ಹಣದಂತೆ, ಒಟ್ಟು ಮೊತ್ತ ಹೆಚ್ಚುವುದಿಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಹಾಗಲ್ಲ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲವನ್ನು ಅಗೆದು ಗಾಳಿಗೆ ಸೇರಿಸಿದಂತೆ.

ಲೆಕ್ಕ ನೋಡಿ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಾಲು ಇತ್ತು. ಈಗ 420 ದಾಟಿದೆ. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳನ್ನು ಅಳೆದರೆ, ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಅದು ಇಷ್ಟಾಗಿದ್ದೇ ಇಲ್ಲ. "ಇಷ್ಟು ಚಿಟಿಕೆಯಿಂದ ಏನಾದೀತು?" ಎಂದರೆ, ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ತೋರಿಸಿ. ನಾಲ್ಕು ಹನಿಗೆ ಬಕೆಟ್ ನೀರೆಲ್ಲ ಬಣ್ಣ ತಿರುಗುತ್ತದೆ.

ಒಂದು ದಿನದ ಸಿಟ್ಟು, ಹುಟ್ಟುಗುಣ

ಮಕ್ಕಳು ಎಡವುವ ಜಾಗ ಇನ್ನೊಂದಿದೆ. ಭೂಗೋಳ ಪಾಠದಲ್ಲಿ ಸಾಮಾನ್ಯವಾಗಿ 'ಹವಾಮಾನ' ಬೇರೆ, 'ವಾಯುಗುಣ' ಬೇರೆ. ಪತ್ರಿಕೆಗಳಲ್ಲಿ ಮಾತ್ರ ಎಲ್ಲಕ್ಕೂ 'ಹವಾಮಾನ ಬದಲಾವಣೆ' ಎಂದೇ ಬರೆಯುತ್ತೇವೆ. ಇವತ್ತು ಮಳೆ ಬಂತೇ ಎಂಬುದು ಹವಾಮಾನ. ಮೂವತ್ತು ವರ್ಷ ನೋಡಿ ಈ ಸೀಮೆಯ ಮಳೆ ಬಿಸಿಲು ಹೀಗೆ ಎನ್ನುವುದು ವಾಯುಗುಣ. ಒಬ್ಬರ ಒಂದು ದಿನದ ಸಿಟ್ಟಿಗೂ ಹುಟ್ಟುಗುಣಕ್ಕೂ ಇರುವ ವ್ಯತ್ಯಾಸವೇ ಇದು. ಆದ್ದರಿಂದ ಒಂದು ವರ್ಷ ಚಳಿ ಹೆಚ್ಚಾದರೆ ಭೂಮಿ ಬಿಸಿಯಾಗುತ್ತಿರುವುದು ಸುಳ್ಳಾಗುವುದಿಲ್ಲ.

ಬರಕ್ಕೂ ನೆರೆಗೂ ಇದೇ ಕಾರಣ ಎಂದರೆ ಮಕ್ಕಳಿಗೆ ಸೋಜಿಗ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಿಸಿಗಾಳಿ ನೆಲದ ಪಸೆಯನ್ನು ಬೇಗ ಹೀರುತ್ತದೆ, ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆತಿಲ್ಲ. ಅಂದಿನ ಮಳೆ ಈ ಬಿಸಿಯಿಂದಾಗಿ ನೂರಕ್ಕೆ ಹತ್ತರಷ್ಟು ಜೋರಾಗಿತ್ತು ಎಂದು ಅದನ್ನು ಪರಿಶೀಲಿಸಿದ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇಳಿಜಾರು, ಮಣ್ಣಿನ ಗುಣ ಇವೂ ಕಾರಣವೇ. ಎಲ್ಲವನ್ನೂ ಒಂದರ ತಲೆಗೆ ಕಟ್ಟಬಾರದು ಎನ್ನುವುದನ್ನೂ ಮಗು ಕಲಿಯಲಿ.

ಮಗು ಹೆದರದಿರಲಿ

"ಇದು ನಮ್ಮ ತಪ್ಪಾ?" ಎಂದು ಕೇಳಿದರೆ ನಿಜ ಹೇಳಿ. ಸರಾಸರಿ ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದವರ ಪಾಲಿಗೆ ಸುಮಾರು 14 ಟನ್. ಹೊಣೆ ಎಲ್ಲರಿಗೂ ಇದೆ, ಸಮವಾಗಿ ಇಲ್ಲ.

ಮಾಡಬೇಕಾದ್ದು ಎರಡು: ಹೊಗೆ ತಗ್ಗಿಸುವುದು ಮತ್ತು ಬಂದ ಬಿಸಿಗೆ ಹೊಂದಿಕೊಳ್ಳುವುದು. ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗಿಡಲು, ಆದರೆ 1.5ಕ್ಕೇ ನಿಲ್ಲಿಸಲು, ದೇಶಗಳು 2015ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಿದವು. 2070ರ ಹೊತ್ತಿಗೆ ಬಿಡುವಷ್ಟನ್ನೇ ಹೀರಿಕೊಳ್ಳುವ ಲೆಕ್ಕಕ್ಕೆ ಬರುವುದಾಗಿ ಭಾರತ ಹೇಳಿದೆ. ಮಡಕಶಿರಾದ ಮಗ್ಗುಲಲ್ಲೇ, ಪಾವಗಡದಲ್ಲಿ, ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರವಿದೆ. ಶೇಂಗಾ ಕೈಕೊಡುತ್ತಿದ್ದ ಒಣಭೂಮಿಯನ್ನು ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಹೊಂದಿಕೊಳ್ಳುವ ಜಾಣ್ಮೆಯೂ ನಮ್ಮಲ್ಲಿ ಹಳೆಯದೇ. ಕಾಸರಗೋಡಿನ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳಿವೆ. ಒಣಸೀಮೆಯ ಸಜ್ಜೆ, ನವಣೆಗಳಿವೆ.

ಡಬ್ಬಿಯಲ್ಲಿ ಮಳೆ ಲೆಕ್ಕ

ಈ ಮುಂಗಾರಿಗೆ ಮನೆಯಲ್ಲೇ ಒಂದು ಕೆಲಸ ಮಾಡಿಸಿ. ಬಾಯಿಯೂ ತಳವೂ ಒಂದೇ ಅಗಲದ ಡಬ್ಬಿಯೊಂದನ್ನು ಬಯಲಲ್ಲಿಡಿ. ದಿನಾ ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಪುಸ್ತಕದಲ್ಲಿ ಬರೆದು, ಚೆಲ್ಲಲಿ. ಒಂದು ಸೆಂಟಿಮೀಟರ್ ನಿಂತರೆ ಎಕರೆಗೆ ಸುಮಾರು 40 ಸಾವಿರ ಲೀಟರ್ ನೀರು ಬಿದ್ದಂತೆ. ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿಕೊಂಡು ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳು ಆಗ ಹೇಗಿದ್ದವು ಎಂದು ಬರೆಸಿ. ಅಜ್ಜಿಯ ನೆನಪು ಒಂದು ಸಾಕ್ಷಿ, ಡಬ್ಬಿಯ ಅಳತೆ ಇನ್ನೊಂದು. ಎರಡನ್ನೂ ತೂಗಿ ನೋಡುವುದೇ ವಿಜ್ಞಾನ.

ಕನ್ನಡದಲ್ಲಿ ಕಲಿತರೆ ಮುಂದೆ ಕಷ್ಟವಾದೀತೇ ಎಂಬ ಅಳುಕು ಹಲವರಿಗಿದೆ. ಮರಾಠಿ, ತೆಲುಗು, ಮಲಯಾಳಗಳಲ್ಲಿ ಇದಕ್ಕೆ 'ಹರಿತಗೃಹ' ಎನ್ನುತ್ತಾರೆ. ತಮಿಳಿನಲ್ಲಿ 'ಪಸುಮೈ ಇಲ್ಲಂ', ಅಲ್ಲಿ 'ಇಲ್ಲಂ' ಎಂದರೆ ಮನೆ. ಇಂಗ್ಲಿಷಿನಲ್ಲಿ 'ಗ್ರೀನ್‌ಹೌಸ್'. ಹೆಸರು ಬೇರೆಯಾದರೂ ಮನೆ ಒಂದೇ. ಮನೆಮಾತಿನಲ್ಲಿ ಅದರೊಳಗೆ ಒಮ್ಮೆ ಹೊಕ್ಕ ಮಗು ಯಾವ ಬಾಗಿಲಿನಿಂದಲೂ ಮತ್ತೆ ಬರಬಲ್ಲದು.