ಅಂಜುದೀವದ ಹಬ್ಬ: ದಿನವಿದೆ, ದಾರಿಯಿಲ್ಲ

ರಾಜ್ಯದ ರಜಾಪಟ್ಟಿಯಲ್ಲಿ ಸ್ಥಾನ ಪಡೆಯದ ಹಬ್ಬಗಳು ಪ್ರತಿಯೊಂದು ಸೀಮೆಯಲ್ಲಿಯೂ ಇರುತ್ತವೆ. ಅಂಕೋಲೆಯ ಬಂಡಿಹಬ್ಬದ ಸಂಭ್ರಮ ಘಟ್ಟದ ಮೇಲಿನ ಬಹುಮಂದಿಗೆ ತಿಳಿಯದು. ಪುಷ್ಯ ಹುಣ್ಣಿಮೆಯಂದು ಕಾರವಾರದ ಮೀನುಗಾರರು ದೋಣಿಗಳನ್ನು ಸಿಂಗರಿಸಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ತೆರಳುವುದನ್ನು ಕಂಡವರೂ ವಿರಳ. ಇದೇ ಕಡಲಿನಲ್ಲಿ, ಬಿಣಗಾದ ಎದುರಿಗಿರುವ ಇನ್ನೊಂದು ದ್ವೀಪಕ್ಕೂ ತನ್ನದೇ ಆದ ಹಬ್ಬವೊಂದಿದೆ. ಅದೇ ಅಂಜುದೀವ, ದಿನಾಂಕ ಫೆಬ್ರವರಿ 2.

ಕ್ರಿಸ್‌ಮಸ್ಸಿನಿಂದ ನಲವತ್ತನೆಯ ದಿನವಾದ ಅಂದು, ಬಾಲಯೇಸುವನ್ನು ಜೆರುಸಲೇಮಿನ ದೇವಾಲಯದಲ್ಲಿ ಸಮರ್ಪಿಸಿದುದನ್ನು ಧರ್ಮಸಭೆ ಸ್ಮರಿಸುತ್ತದೆ. ವೃದ್ಧ ಸಿಮೆಯೋನನು ಆ ಶಿಶುವನ್ನು ಜನಾಂಗಗಳಿಗೆ ಬೆಳಕೆಂದು ಕೊಂಡಾಡಿದನೆಂದು ಸಂತ ಲೂಕರು ಬರೆದಿದ್ದಾರೆ. ಆದುದರಿಂದಲೇ ಅಂದು ಮೇಣದ ಬತ್ತಿಗಳನ್ನು ಆಶೀರ್ವದಿಸುವ ವಾಡಿಕೆ.

ಈ ಒಂದೇ ದಿನ ಲೋಕದಲ್ಲಿ ತಳೆದ ರೂಪಗಳು ವಿಚಿತ್ರವಾಗಿವೆ. ಫ್ರಾನ್ಸಿನ ಮನೆಗಳಲ್ಲಿ ಅಂದು ನಮ್ಮ ದೋಸೆಯನ್ನು ಹೋಲುವ ತೆಳುವಾದ ತಿನಿಸನ್ನು ಹೊಯ್ಯುತ್ತಾರೆ. ಒಂದು ಕೈಯಲ್ಲಿ ನಾಣ್ಯ ಹಿಡಿದು ಅದನ್ನು ಹಾರಿಸಿ ಮಗುಚಿದರೆ ವರ್ಷವಿಡೀ ಸಮೃದ್ಧಿಯೆಂಬ ನಂಬಿಕೆ. ಮೆಕ್ಸಿಕೋದಲ್ಲಿ ಜನವರಿ 6ರಂದು ಮೂರು ರಾಯರ ಹಬ್ಬದ ರೊಟ್ಟಿಯೊಳಗೆ ಅಡಗಿಸಿಟ್ಟ ಪುಟ್ಟ ಶಿಶುವಿನ ಗೊಂಬೆ ಯಾರ ಪಾಲಿಗೆ ದೊರೆಯುವುದೋ, ಅವರು ಫೆಬ್ರವರಿ 2ರಂದು ಬಂಧುಮಿತ್ರರಿಗೆ ಮೆಕ್ಕೆಜೋಳದ ಕಡುಬಿನ ಔತಣ ನೀಡಬೇಕು. ಅಮೆರಿಕದ ಪೆನ್ಸಿಲ್ವೇನಿಯಾದ ಪಂಕ್ಸುಟಾನಿ ಎಂಬ ಊರಿನಲ್ಲಿ 1887ರಿಂದ, ಬಿಲದಿಂದ ಹೊರಬಂದ ಪ್ರಾಣಿಯೊಂದು ತನ್ನ ನೆರಳನ್ನು ಕಂಡಿತೇ ಎಂದು ನೋಡಿ ಚಳಿಗಾಲದ ಅವಧಿಯನ್ನು ನಿರ್ಣಯಿಸುತ್ತಾರೆ! ಜರ್ಮನ್ ವಲಸಿಗರು ಕೊಂಡೊಯ್ದ ಬತ್ತಿಹಬ್ಬದ ನಂಬಿಕೆಯೇ ಇದರ ಮೂಲ.

ಅಂಜುದೀವದಲ್ಲಿ ಈ ದಿನವು ಬ್ರೋತಾಸ್ ಮಾತೆಯ ಹಬ್ಬವಾಯಿತು. ಚಿಲುಮೆಗಳ ಮಾತೆಯೆಂದೂ ಆಕೆಗೆ ಹೆಸರುಂಟು. ಸಿಹಿನೀರಿನ ಆಸರೆಯಿದ್ದ ಈ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮನು ತನ್ನ ಹಡಗುಗಳನ್ನು ನಿಲ್ಲಿಸಿದ್ದನು. 1682ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟತೊಡಗಿದರು; ಮಾತೆಯ ಇಗರ್ಜಿ 1729ರಲ್ಲಿ ಪುನರ್ನಿರ್ಮಾಣಗೊಂಡಿತು. ಕಾರವಾರಕ್ಕೆ ಇಷ್ಟು ಸಮೀಪವಿದ್ದರೂ ದ್ವೀಪವು ಗೋವೆಗೆ ಸೇರಿದುದು. 1961ರ ಡಿಸೆಂಬರಿನಲ್ಲಿ ಅದರ ವಿಮೋಚನೆಗಾಗಿ ನಮ್ಮ ನೌಕಾಪಡೆಯ 7 ಮಂದಿ ಪ್ರಾಣಾರ್ಪಣೆ ಮಾಡಿದರು. ಅನಂತರವೂ ವರ್ಷಕ್ಕೆರಡು ಬಾರಿ, ಫೆಬ್ರವರಿ 2ರ ಮಾತೆಯ ಹಬ್ಬಕ್ಕೂ ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬಕ್ಕೂ, ಭಕ್ತರು ದೋಣಿಯೇರಿ ಅಲ್ಲಿಗೆ ಹೋಗುತ್ತಿದ್ದರು.

1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲತೀರಗಳನ್ನು ತೊರೆದವು. ಅಂಜುದೀವವೂ ನೆಲೆಯ ಭಾಗವಾಯಿತು. 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಭದ್ರತೆಯ ಕಾರಣದಿಂದ ಯಾತ್ರೆಯ ಮುಕ್ತ ದಾರಿ ಮುಚ್ಚಿತು. ಹಿಂದೆ ದೋಣಿಯಲ್ಲಿ ಮಾತ್ರ ತಲುಪಬಹುದಾಗಿದ್ದ ದ್ವೀಪವನ್ನು ಈಗ ಅಲೆತಡೆಗೋಡೆ ದಡಕ್ಕೆ ಜೋಡಿಸಿದೆ. ನೆಲ ಹತ್ತಿರವಾಯಿತು, ಹಬ್ಬ ದೂರವಾಯಿತು!

ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಬ್ಬವೆಂಬುದು ಕೇವಲ ದಿನಾಂಕವಲ್ಲ. ಅದು ಒಂದು ಸ್ಥಳ, ಒಂದು ದಾರಿ, ಜೊತೆಗೂಡಿ ನಡೆಯುವ ಜನ. ದಾರಿ ಕಂಡವರು ಕಣ್ಮರೆಯಾದ ಮೇಲೆ ದಿನಾಂಕ ಮಾತ್ರ ಉಳಿದೀತು. ಕಡಲಿನಾಚೆ ಎಲ್ಲಿಯೋ ಬಿಲದ ಪ್ರಾಣಿಯ ನೆರಳಿಗೆ ಇಷ್ಟೊಂದು ಗೌರವವಿರುವಾಗ, ನಮ್ಮ ಮಾತೆಯ ಹಬ್ಬ ನಮ್ಮ ಮಕ್ಕಳಿಗೇ ಅಪರಿಚಿತವಾಗಬಾರದು. ಬರುವ ಫೆಬ್ರವರಿ 2ರಂದು ಇಗರ್ಜಿಯಿಂದ ತಂದ ಬತ್ತಿಯನ್ನು ಮನೆಯಲ್ಲಿ ಹಚ್ಚುವಾಗ, ಹಿರಿಯರು ಕಿರಿಯರಿಗೆ ಅಂಜುದೀವದ ಹೆಸರನ್ನು ಒಮ್ಮೆ ಹೇಳಲಿ.